ಇಂಜಿನ್ನಿಗಿಂತ ಮೊದಲೇ ಹುಟ್ಟಿದ ರೈಲು ಸೇತುವೆ!

ಒಂದು ಪ್ರಶ್ನೆ. ಮೊಬೈಲ್ ಮುಟ್ಟಬಾರದು. ಪಕ್ಕದವರನ್ನೂ ಕೇಳಬಾರದು!

ಜಗತ್ತಿನಲ್ಲಿ ಇವತ್ತಿಗೂ ನೆಟ್ಟಗೆ ನಿಂತಿರುವ ಅತ್ಯಂತ ಹಳೆಯ ರೈಲು ಸೇತುವೆ ಯಾವ ಇಸವಿಯದು?

1853 ಅಂದಿರಾ? ಅದು ಬೋರಿಬಂದರಿನಿಂದ ಠಾಣೆಗೆ ನಮ್ಮ ದೇಶದ ಮೊದಲ ಪ್ರಯಾಣಿಕರ ರೈಲು ಹೊರಟ ವರ್ಷ. ಅಲ್ಲ. ಹಿಂದಕ್ಕೆ ಹೋಗಿ.

1825? ಭೇಷ್! ಶಾಲೆಯ ಪಾಠ ಮರೆತಿಲ್ಲ ನೀವು. ಜಾರ್ಜ್ ಸ್ಟೀಫನ್‌ಸನ್ನನ ಇಂಜಿನ್ ಸ್ಟಾಕ್ಟನ್-ಡಾರ್ಲಿಂಗ್ಟನ್ ಹಳಿಯ ಮೇಲೆ ಓಡಿದ ವರ್ಷ ಅದು. ಆದರೂ ಅಲ್ಲ. ಇನ್ನೂ ಹಿಂದಕ್ಕೆ!

1804? ಅಬ್ಬಾ, ನೀವು ಬಲ್ಲವರು! ರಿಚರ್ಡ್ ಟ್ರೆವಿಥಿಕ್ ವೇಲ್ಸಿನಲ್ಲಿ ಉಗಿಬಂಡಿಯನ್ನು ಮೊದಲ ಸಲ ಹಳಿಯ ಮೇಲೆ ಓಡಿಸಿದ್ದು ಆಗಲೇ. ಅದಕ್ಕಿಂತ ಹಿಂದೆ ಹೋಗಲು ಜಾಗವೇ ಇಲ್ಲ ಅಂತೀರಿ, ಅಲ್ಲವೇ?

ಇದೆ! ಇನ್ನೂ 78 ವರ್ಷ ಹಿಂದಕ್ಕೆ ಬನ್ನಿ.

1725ರಲ್ಲಿ ಕೆಲಸ ಶುರು. 1726ರಲ್ಲಿ ಕಮಾನು ಸಿದ್ಧ!

ಆ ಕಾಲ ಹೇಗಿತ್ತು ಅಂತ ಒಂದು ಕ್ಷಣ ನೆನೆಸಿಕೊಳ್ಳಿ. ಮೈಸೂರಿನಲ್ಲಿ ಆಗ ಒಂದನೆಯ ದೊಡ್ಡ ಕೃಷ್ಣರಾಜ ಒಡೆಯರ ಆಳ್ವಿಕೆ. ಹೈದರಾಲಿ ಇನ್ನೂ ಪುಟ್ಟ ಹುಡುಗ. ಉಗಿಯಂತ್ರ ಅಂದಕೂಡಲೇ ನೆನಪಾಗುವ ಜೇಮ್ಸ್ ವಾಟ್ ಇದ್ದಾನಲ್ಲ, ಅವನು ಹುಟ್ಟಿಯೇ ಇರಲಿಲ್ಲ! ಅವನು ಹುಟ್ಟಲು ಇನ್ನೂ ಹತ್ತು ವರ್ಷ ಬಾಕಿ. ಅಷ್ಟರೊಳಗೆ ಇಂಗ್ಲೆಂಡಿನ ಒಂದು ಕಾಡುಕಣಿವೆಯ ಮೇಲೆ ರೈಲು ಸೇತುವೆ ಎದ್ದು ನಿಂತಿತ್ತು!

ಅದರ ಹೆಸರು ಕಾಸಿ ಆರ್ಚ್. ಇರುವುದು ಇಂಗ್ಲೆಂಡಿನ ಈಶಾನ್ಯ ಮೂಲೆಯ ಡರ್ಹಮ್ ಸೀಮೆಯಲ್ಲಿ, ಸ್ಟ್ಯಾನ್ಲಿ ಎಂಬ ಊರಿನ ಹತ್ತಿರ. ಕೆಳಗೆ ಹರಿಯುವುದು ಕಾಸಿ ಬರ್ನ್ ಎಂಬ ಒಂದು ತೊರೆ. ನೀರು ಪುಟ್ಟದು, ಕಣಿವೆ ಪುಟ್ಟದಲ್ಲ!

ಎಷ್ಟು ದೊಡ್ಡ ಸೇತುವೆ ಗೊತ್ತೇ? ನಡುವೆ ಕಂಬವಿಲ್ಲ. ಆಸರೆಯಿಲ್ಲ. ಈ ದಡದಿಂದ ಆ ದಡಕ್ಕೆ ಒಂದೇ ಒಂದು ಕಮಾನು. ಅಗಲ 100 ಅಡಿಗೂ ಹೆಚ್ಚು, ಸುಮಾರು 31 ಮೀಟರ್! ಕ್ರಿಕೆಟ್ ಪಿಚ್ ನೋಡಿದ್ದೀರಲ್ಲ, ಒಂದೂವರೆ ಪಿಚ್ ಉದ್ದವನ್ನು ಗಾಳಿಯಲ್ಲಿ ಬಾಗಿಸಿ ನಿಲ್ಲಿಸಿದ ಹಾಗೆ. ತೊರೆಯಿಂದ ಎತ್ತರ ಸುಮಾರು 80 ಅಡಿ. ಎಂಟು ಮಹಡಿ! ಅದೂ ಕಲ್ಲಿನಲ್ಲಿ! ಕಬ್ಬಿಣದ ತೊಲೆಯಿಲ್ಲ, ಕಾಂಕ್ರೀಟಿಲ್ಲ, ಕ್ರೇನಂತೂ ಇಲ್ಲವೇ ಇಲ್ಲ.

ಸರಿ. ಈಗ ನಿಮ್ಮ ಮನಸ್ಸಿನಲ್ಲಿ ಏಳುತ್ತಿರುವ ಪ್ರಶ್ನೆ ನನಗೆ ಕೇಳಿಸುತ್ತಿದೆ. ಇಂಜಿನ್ನೇ ಇಲ್ಲದ ಕಾಲದಲ್ಲಿ ಎಂಥ ರೈಲು?

ಕುದುರೆ ರೈಲು!

ಹಳಿ ಯಾವುದರದ್ದು, ಊಹಿಸಿ. ಕಬ್ಬಿಣವೇ? ಅಲ್ಲ. ಮರ! ಉದ್ದಕ್ಕೆ ಸೀಳಿದ ಮರದ ತೊಲೆಗಳೇ ಹಳಿ, ಅಡ್ಡಕ್ಕೆ ಹಾಕಿದ ಮರದ ದಿಮ್ಮಿಗಳೇ ಸ್ಲೀಪರ್. ಅದರ ಮೇಲೆ ಕಲ್ಲಿದ್ದಲು ತುಂಬಿದ ಮರದ ಬಂಡಿ. ಕೆಸರುದಾರಿಯಲ್ಲಿ ಏದುಸಿರು ಬಿಡುತ್ತಿದ್ದ ಅದೇ ಕುದುರೆ ಹಳಿಯ ಮೇಲೆ ಒಂಟಿಯಾಗಿಯೇ ಸುಮಾರು ಎರಡೂವರೆ ಟನ್ ಕಲ್ಲಿದ್ದಲನ್ನು ಎಳೆದುಬಿಡುತ್ತಿತ್ತು. ಒಂದು ಬಂಡಿ, ಒಂದು ಕುದುರೆ, ಒಬ್ಬ ಬಂಡಿಯಾಳು!

ಇನ್ನು ಇಳಿಜಾರಿನ ಸೊಗಸು ಕೇಳಿ. ತುಂಬಿದ ಬಂಡಿ ಟೈನ್ ನದಿಯ ಕಡೆಗೆ ಇಳಿಯಬೇಕು. ಅಲ್ಲಿ ಎಳೆಯುವುದೇ ಬೇಡ, ತಡೆದರೆ ಸಾಕು! ಆಗ ಬಂಡಿಯಾಳು ಕುದುರೆಯನ್ನು ಬಿಚ್ಚಿ ಹಿಂದಕ್ಕೆ ತರುತ್ತಿದ್ದ. ಚಕ್ರದ ಮೇಲೆ ಒತ್ತುವ ಉದ್ದನೆಯ ಮರದ ಸನ್ನೆಯೊಂದಿರುತ್ತಿತ್ತು. ತನ್ನ ಮೈಭಾರವನ್ನೆಲ್ಲ ಅದರ ಮೇಲೆ ಹಾಕಿ ಕೂರುತ್ತಿದ್ದ. ಅದೇ ಬ್ರೇಕು! ಬಂಡಿ ಮುಂದೆ ಮುಂದೆ, ಕುದುರೆ ಹಿಂದೆ ಹಿಂದೆ! ಸೇತುವೆಗಿಂತ ಹೆಚ್ಚಾಗಿ ಈ ದೃಶ್ಯವೇ ನನ್ನನ್ನು ಹಿಡಿದು ನಿಲ್ಲಿಸಿದ್ದು. ಮರಕ್ಕೆ ಮರ ಉಜ್ಜಿ ಹೊಗೆಯಾಡುವ ಚಕ್ರ, ಅದರ ಪಕ್ಕದಲ್ಲಿ ಸನ್ನೆಯ ಮೇಲೆ ಕೂತ ಮನುಷ್ಯ, ಹಿಂದೆ ಹಗ್ಗ ಹಿಡಿದ ಮಗುವಿನ ಹಾಗೆ ನಡೆದು ಬರುವ ಕುದುರೆ!

ಇಷ್ಟೆಲ್ಲ ಯಾಕೆ? ಲಂಡನ್ನಿನ ಒಲೆಗಳಿಗಾಗಿ!

ಲಂಡನ್ ಬೆಚ್ಚಗಿರಬೇಕಾದರೆ ಈಶಾನ್ಯದ ಕಲ್ಲಿದ್ದಲು ಬೇಕು. ಟೈನ್ ನದಿಯ ದಂಡೆಗೆ ಅಂಟಿಕೊಂಡಿದ್ದ ಗಣಿಗಳು ಬರಿದಾಗುತ್ತ ಬಂದಿದ್ದವು. ಒಳನಾಡಿನಲ್ಲಿ, ಟ್ಯಾನ್‌ಫೀಲ್ಡ್ ಕಡೆಯಲ್ಲಿ, ಒಳ್ಳೆಯ ಕಲ್ಲಿದ್ದಲಿತ್ತು. ನದಿಯ ದಕ್ಕೆಗೆ ಅದನ್ನು ಮುಟ್ಟಿಸಿದರೆ ದೋಣಿಗೆ, ದೋಣಿಯಿಂದ ಹಡಗಿಗೆ, ಹಡಗಿನಿಂದ ರಾಜಧಾನಿಗೆ. ನಡುವೆ ಅಡ್ಡ ಬಿದ್ದದ್ದು ಈ ಕಾಸಿ ಕಣಿವೆ.

ಹಣ ಯಾರು ಹಾಕಿದರು? ಗ್ರ್ಯಾಂಡ್ ಅಲೈಸ್! ಅಂದರೆ ಮಹಾಮಿತ್ರಕೂಟ. ಅಲ್ಲಿಯವರೆಗೆ ಒಬ್ಬರ ದಾರಿಗೆ ಒಬ್ಬರು ಅಡ್ಡಗಾಲು ಹಾಕುತ್ತಿದ್ದ ಗಣಿಧಣಿಗಳು ಕೈ ಕುಲುಕಿ ಕಟ್ಟಿಕೊಂಡ ಕೂಟ. ಲಿಡೆಲ್ ಮನೆತನ, ಬೋಸ್ ಮನೆತನ, ವರ್ಟ್ಲಿ ಮಾಂಟಗೂ ಮನೆತನ. ಹೆಸರುಗಳು ಅಪರಿಚಿತವೇ? ಖಂಡಿತ ಇಲ್ಲ! ಇವರ ಮನೆಯವರನ್ನು ನೀವು ಚೆನ್ನಾಗಿ ಬಲ್ಲಿರಿ. ನೋಡಿ ಬೇಕಾದರೆ!

ವರ್ಟ್ಲಿ ಮಾಂಟಗೂ ಮನೆಯ ಎಡ್ವರ್ಡನ ಹೆಂಡತಿ ಲೇಡಿ ಮೇರಿ. ತುರ್ಕಿಯಲ್ಲಿ ಸಿಡುಬಿಗೆ ಹಾಕುತ್ತಿದ್ದ ನಾಟಿಯನ್ನು ಕಣ್ಣಾರೆ ಕಂಡು, 1721ರಲ್ಲಿ ಇಂಗ್ಲೆಂಡಿನಲ್ಲಿ ತನ್ನ ಸ್ವಂತ ಮಗಳಿಗೇ ಹಾಕಿಸಿ ದೇಶಕ್ಕೆ ದಾರಿ ತೋರಿದ ಧೀರೆ!

ಬೋಸ್ ಮನೆತನವೋ? ಜಾರ್ಜ್ ಬೋಸ್‌ನ ಮಗಳು ಲಯನ್ ಎಂಬ ಮನೆತನಕ್ಕೆ ಸೊಸೆಯಾದಳು. ಅಲ್ಲಿಂದ ಮುಂದೆ ಬೋಸ್-ಲಯನ್ ವಂಶ. ಆ ವಂಶದ ಹೆಣ್ಣುಮಗಳ ಮಗಳೇ ಎರಡನೆಯ ಎಲಿಜಬೆತ್ ರಾಣಿ!

ಲಿಡೆಲ್ ಮನೆತನದ್ದು ನನಗೆ ಎಲ್ಲಕ್ಕಿಂತ ಇಷ್ಟ. ಸುಮಾರು ಒಂದೂಕಾಲು ಶತಮಾನದ ಬಳಿಕ ಅದೇ ಕುಲದಲ್ಲಿ ಒಬ್ಬ ಹುಡುಗಿ ಹುಟ್ಟಿದಳು. ದೋಣಿಯಲ್ಲಿ ಕೂತು ಒಬ್ಬ ಗಣಿತದ ಮೇಷ್ಟರ ಬಾಯಿಂದ ಕಥೆ ಕೇಳಿದಳು. ಹೆಸರು ಆಲಿಸ್. ಹೌದು, ಮೊಲದ ಬಿಲದೊಳಗೆ ಜಾರಿ ಬಿದ್ದ ಅದೇ ಆಲಿಸ್!

ರಾಣಿಯ ಪೂರ್ವಿಕರು, ಸಿಡುಬಿನ ನಾಟಿಯ ಮನೆಯವರು, ಆಲಿಸಳ ಕುಲದವರು, ಮೂವರೂ ಸೇರಿ ಒಂದು ರೈಲು ಸೇತುವೆ ಕಟ್ಟಿಸಿದರು! ಯಾವ ಕಾದಂಬರಿಕಾರನಾದರೂ ಹೀಗೆ ಬರೆದರೆ ನೀವು ನಂಬುತ್ತಿದ್ದಿರಾ?

ಖರ್ಚು 12,000 ಪೌಂಡ್ ಎನ್ನುತ್ತಾರೆ. ಆ ಕಾಲಕ್ಕೆ ಅದು ಒಂದು ಐಶ್ವರ್ಯ!

ಸೇತುವೆಯ ಮೇಲೆ ಎಷ್ಟು ಸಾಲು ಹಳಿ? ಒಂದಲ್ಲ, ಎರಡು! ತುಂಬಿದ ಬಂಡಿ ಹೋಗಲು ಒಂದು, ಬರಿ ಬಂಡಿ ಬರಲು ಇನ್ನೊಂದು. ಜೋಡಿಮಾರ್ಗ! 1726ರಲ್ಲೇ!

ಎರಡು ಮಾರ್ಗ ಬೇಕಾಗುವಷ್ಟು ಓಡಾಟವಿತ್ತೇ ಅಂತೀರಾ? ದಿನಕ್ಕೆ ಎಷ್ಟು ಬಂಡಿ ಹಾಯುತ್ತಿದ್ದವು, ಒಂದು ಅಂದಾಜು ಹೇಳಿ.

ಐವತ್ತು? ಇನ್ನೂರು? ಹೋಗಲಿ, ಐನೂರು?

ಭರಾಟೆಯ ದಿನಗಳಲ್ಲಿ 900ಕ್ಕೂ ಹೆಚ್ಚು!

ಲೆಕ್ಕ ಹಾಕಿ ನೋಡಿ. ದಿನಕ್ಕೆ ಹನ್ನೆರಡು ಗಂಟೆ ಕೆಲಸ ಅಂತ ಹಿಡಿದರೆ 48 ಸೆಕೆಂಡಿಗೊಂದು ಬಂಡಿ! ಒಂದು ಲೋಟ ಕಾಫಿ ಕುಡಿದು ಮುಗಿಸುವುದರೊಳಗೆ ಐದಾರು ಕುದುರೆ ಕಣ್ಣೆದುರು ಹಾದುಹೋದ ಹಾಗೆ. ಅವುಗಳಲ್ಲಿ ಅರ್ಧ ಮಾತ್ರ ತುಂಬಿದ್ದವು ಅಂದುಕೊಂಡರೂ ಸಾವಿರ ಟನ್ನಿಗೆ ಮೀರಿದ ಕಲ್ಲಿದ್ದಲು. ಒಂದು ದಿನಕ್ಕೆ. ಕುದುರೆಯ ಕಾಲಲ್ಲಿ. ಮರದ ಹಳಿಯಲ್ಲಿ!

ಈಗ ಕಟ್ಟಿದವನ ಬಳಿಗೆ ಹೋಗೋಣ. ಹೆಸರು ರಾಲ್ಫ್ ವುಡ್. ಅವನು ಕಲ್ಲುಕುಟಿಗ. ಮೇಸ್ತ್ರಿ! ಕೈಯಲ್ಲಿ ಉಳಿ ಸುತ್ತಿಗೆ ಹಿಡಿದು ಬೆಳೆದ ಮನುಷ್ಯ. ಅವನ ಕಣ್ಣೆದುರು ಮಾದರಿಯೂ ಇರಲಿಲ್ಲ. ಇಷ್ಟು ಅಗಲದ ಒಂಟಿ ಕಮಾನು ಆಗ ಇಡೀ ದೇಶದಲ್ಲಿ ಬೇರೊಂದಿಲ್ಲ! ಯಾರ ಹತ್ತಿರ ಹೋಗಿ ಕೇಳುವುದು?

ಕಮಾನು ಕಟ್ಟುವುದು ಹೇಗೆ ಅಂತ ನೋಡಿದರೆ ಅವನ ಎದೆಗಾರಿಕೆ ತಿಳಿಯುತ್ತದೆ. ಮೊದಲು ಕಣಿವೆಯಲ್ಲಿ ಮರದ ಬಿಲ್ಲು ಕಟ್ಟಬೇಕು. ಕಮಾನಿನ ಆಕಾರದ್ದೇ ದೊಡ್ಡ ಚೌಕಟ್ಟು. ನಮ್ಮಲ್ಲಿ ಮನೆಗೆ ಮೋಲ್ಡ್ ಹಾಕುವಾಗ ಕೆಳಗೆ ಹಲಗೆ, ಗಳ ಕೊಟ್ಟು ‘ಸೆಂಟ್ರಿಂಗ್’ ಹೊಡೆಯುತ್ತಾರಲ್ಲ? ಆ ಮಾತು ಎಲ್ಲಿಂದ ಬಂತು ಗೊತ್ತೇ? ಕಮಾನಿನ ಅಡಿಯ ಈ ಮರದ ಬಿಲ್ಲಿಗೆ ಇಂಗ್ಲಿಷಿನವರು ಇಟ್ಟ ಹೆಸರೇ ಸೆಂಟ್ರಿಂಗ್! ನಮ್ಮ ಬಾರ್ ಬೆಂಡರ್, ಗಾರೆಯವರ ಬಾಯಲ್ಲಿ ದಿನಾ ಓಡಾಡುವ ಮಾತು ರಾಲ್ಫ್ ವುಡ್‌ನ ಕಸುಬಿನ ಮಾತು!

ಆ ಬಿಲ್ಲಿನ ಮೇಲೆ ಎರಡೂ ದಡಗಳಿಂದ ಕಲ್ಲು ಏರುತ್ತ ಬರುತ್ತದೆ. ಒಂದೊಂದು ಕಲ್ಲೂ ಬೆಣೆಯ ಹಾಗೆ, ಮೇಲೆ ಅಗಲ, ಕೆಳಗೆ ಕಿರಿದು. ಕೊನೆಗೆ ನೆತ್ತಿಯಲ್ಲಿ ಒಂದು ಕಲ್ಲಿಗೆ ಮಾತ್ರ ಜಾಗ. ಅದು ಕೂತಿತು ಅಂದರೆ ಎರಡು ಅರ್ಧಗಳು ಒಂದಕ್ಕೊಂದು ಹೆಗಲು ಕೊಟ್ಟವು!

ಆಮೇಲೆ ಬರುತ್ತದೆ ಎದೆ ಬಡಿಯುವ ಗಳಿಗೆ. ಮರದ ಬಿಲ್ಲನ್ನು ಸಡಿಲಿಸಬೇಕು. ನಿಲ್ಲುತ್ತದೋ, ಕುಸಿಯುತ್ತದೋ?

ಕಮಾನನ್ನು ನಿಲ್ಲಿಸುವುದು ಯಾವುದು ಹೇಳಿ. ಗಾರೆಯೇ? ಕಲ್ಲಿನ ಗಟ್ಟಿತನವೇ? ಅದರ ಭಾರ! ಬೀಳಿಸಬೇಕಾದ ಭಾರವೇ ನಿಲ್ಲಿಸುತ್ತದೆ! ಪ್ರತಿ ಕಲ್ಲೂ ಕೆಳಗೆ ಬೀಳಲು ನೋಡುತ್ತದೆ. ಪಕ್ಕದ ಕಲ್ಲು ಬಿಡುವುದಿಲ್ಲ. ಒಂದನ್ನೊಂದು ಒತ್ತುತ್ತವೆ. ಆ ಒತ್ತು ಕಲ್ಲಿಂದ ಕಲ್ಲಿಗೆ ಸಾಗಿ ದಡದ ಬಂಡೆಗೆ ಹೋಗಿ ಇಳಿಯುತ್ತದೆ. ಭಾರ ಹೆಚ್ಚಿದ್ದಷ್ಟೂ ಕಲ್ಲುಗಳ ಹಿಡಿತ ಬಿಗಿ. ಇಷ್ಟು ದೊಡ್ಡ ಕಲ್ಲಿನ ಮೈಗೆ ಮೇಲೆ ಹೋಗುವ ಕುದುರೆ, ಬಂಡಿ, ಕಲ್ಲಿದ್ದಲು ಎಲ್ಲ ಸೇರಿ ಆನೆಯ ಬೆನ್ನಿನ ಮೇಲೆ ಕೂತ ಗುಬ್ಬಿ!

ಈಗ ಆ ಊರಿನವರು ತಲೆಮಾರುಗಳಿಂದ ಹೇಳಿಕೊಂಡು ಬಂದ ಕಥೆ ಕೇಳಿ. ಇದಕ್ಕೂ ಮೊದಲು ರಾಲ್ಫ್ ವುಡ್ ಒಂದು ಮರದ ಸೇತುವೆ ಕಟ್ಟಿದ್ದನಂತೆ. ಅದು ಬಿತ್ತಂತೆ. ಯಾಕೆ? ಭಾರ ಸಾಲದೆ!

ನೋಡಿದಿರಾ! ವುಡ್ ಅಂದರೆ ಮರ. ಮರ ಎಂಬ ಹೆಸರಿನವನ ಮರದ ಸೇತುವೆ ಮಲಗಿತು. ಕಲ್ಲಿನದು ಮೇಲೇರತೊಡಗಿತು.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಒಮ್ಮೆ ಬಿದ್ದದ್ದನ್ನು ಕಂಡವನ ಎದೆಯಲ್ಲಿ ಹೆದರಿಕೆ ಬೇರು ಬಿಟ್ಟಿತ್ತು. ಕಮಾನು ಏರಿದಷ್ಟೂ ಅವನ ನಿದ್ದೆ ಹೋಯಿತು. ಇದೂ ಬಿದ್ದೇ ಬೀಳುತ್ತದೆ ಅನ್ನಿಸಿತು. ಅದನ್ನು ಕಣ್ಣಿಂದ ನೋಡಲಾರೆ ಅನ್ನಿಸಿತು. ಸೇತುವೆ ಪೂರ್ತಿಯಾಗುವ ಮುನ್ನ, ತಾನೇ ಕಟ್ಟಿದ ಕಲ್ಲಿನ ಮೇಲಿಂದ ಕಣಿವೆಗೆ ಹಾರಿ ಪ್ರಾಣ ಬಿಟ್ಟನಂತೆ.

ಮುನ್ನೂರು ವರ್ಷ ನಿಂತ ಸೇತುವೆ! ಕಟ್ಟಿದವನಿಗೊಬ್ಬನಿಗೇ ಅದರ ಮೇಲೆ ನಂಬಿಕೆ ಬರಲಿಲ್ಲ! ಇದನ್ನು ಬರೆಯುವಾಗ ನನ್ನ ಕೈ ತಡೆಯುತ್ತದೆ. ಯಾರಾದರೂ ಹೋಗಿ ಅವನ ಭುಜ ಹಿಡಿದು, ಇಲ್ಲ ಮೇಸ್ತ್ರಿ, ಇದು ಬೀಳುವುದಿಲ್ಲ, ಅನ್ನಬಾರದಿತ್ತೇ ಅನ್ನಿಸುತ್ತದೆ.

ಆದರೆ ತಾಳಿ! ಇಲ್ಲೊಂದು ಕುತೂಹಲದ ಸಂಗತಿಯಿದೆ. ಸೇತುವೆಯಲ್ಲಿ ಒಂದು ನೆರಳುಗಡಿಯಾರದ ಕಲ್ಲಿದೆ. ಅದರ ಮೇಲೆ ರಾಲ್ಫ್ ವುಡ್, ಕಲ್ಲುಕುಟಿಗ, ಎಂದು ಕೆತ್ತಿದೆ. ಜೊತೆಗೆ ಒಂದು ಇಸವಿ. 1726 ಅಲ್ಲ. 1727! ಸೇತುವೆ ಮುಗಿದ ಮರುವರ್ಷ! ಸತ್ತವನ ನೆನಪಿಗೆ ಜೊತೆಯವರು ಕೆತ್ತಿದರೇ? ಇಲ್ಲಾ ಅವನೇ ಬದುಕಿದ್ದು, ಬಿಲ್ಲು ಬಿಚ್ಚಿದ ಮೇಲೂ ನಿಂತ ಕಮಾನನ್ನು ಕಣ್ತುಂಬ ನೋಡಿ, ಉಳಿ ಹಿಡಿದು ತನ್ನ ಹೆಸರನ್ನು ತಾನೇ ಬರೆದುಕೊಂಡನೇ? ನನ್ನ ಮನಸ್ಸು ಎರಡನೆಯದರ ಕಡೆಗೇ ವಾಲುತ್ತದೆ. ನಿಮ್ಮದು?

ಇದರ ಪಕ್ಕದಲ್ಲೇ ಇನ್ನೊಂದು ಬೆರಗು. 1725ರಲ್ಲಿ, ಕೆಲಸ ನಡೆಯುತ್ತಿರುವಾಗಲೇ, ವಿಲಿಯಂ ಸ್ಟುಕ್ಲಿ ಎಂಬ ಹಳೆಯ ವಸ್ತುಗಳ ಹುಚ್ಚಿನ ಪ್ರವಾಸಿಯೊಬ್ಬ ಟ್ಯಾನ್‌ಫೀಲ್ಡಿಗೆ ಬಂದ. ಬೆಟ್ಟ ಕಡಿದು, ಕಣಿವೆಗೆ ಮಣ್ಣು ತುಂಬಿ ದಾರಿ ಮಾಡುತ್ತಿರುವುದನ್ನು ಕಂಡು ಬೆರಗಾಗಿ ಬರೆದಿಟ್ಟ. ಅವನು ಕೊಟ್ಟ ಅಳತೆ ನೋಡಿ: ಮಣ್ಣಿನ ಏರಿಯ ಎತ್ತರ 100 ಅಡಿ, ಬುಡದ ಅಗಲ 300 ಅಡಿ! ಮಂಕರಿಯಲ್ಲಿ, ಗಾಡಿಯಲ್ಲಿ ಹೊತ್ತು ಸುರಿದ ಮಣ್ಣು!

ಸ್ಟುಕ್ಲಿ ಯಾರು ಅಂತ ಕೇಳಲೇ ಇಲ್ಲವಲ್ಲ ನೀವು? ನ್ಯೂಟನ್ನನಿಗೆ ಸೇಬು ಬಿದ್ದ ಕಥೆ ಗೊತ್ತಲ್ಲ? ಮುದಿ ನ್ಯೂಟನ್ 1726ರ ಏಪ್ರಿಲಿನಲ್ಲಿ, ಊಟವಾದ ಮೇಲೆ ಸೇಬಿನ ಮರದ ನೆರಳಲ್ಲಿ ಕೂತು, ಆ ಕಥೆಯನ್ನು ಒಬ್ಬ ಗೆಳೆಯನಿಗೆ ಹೇಳಿದ. ಗೆಳೆಯ ಅದನ್ನು ಬರೆದಿಟ್ಟ. ಆ ಗೆಳೆಯನೇ ಈ ಸ್ಟುಕ್ಲಿ! ಅತ್ತ ಲಂಡನ್ನಿನಲ್ಲಿ ವಸ್ತು ಯಾಕೆ ಕೆಳಗೆ ಬೀಳುತ್ತದೆ ಎಂಬ ಮಾತು. ಅದೇ ವರ್ಷ ಇತ್ತ ಡರ್ಹಮಿನಲ್ಲಿ ಬೀಳುವ ಭಾರವನ್ನೇ ಹಿಡಿದು ಕಮಾನು ನಿಲ್ಲಿಸಿದ ಒಬ್ಬ ಕಲ್ಲುಕುಟಿಗ! ಎರಡೂ ಕಡೆಗಳಲ್ಲಿ ಸುಳಿದವನು ಈ ಸ್ಟುಕ್ಲಿ!

ಇಷ್ಟು ದುಡ್ಡು, ಇಷ್ಟು ಬೆವರು, ಇಷ್ಟು ಭಯ. ಸೇತುವೆ ಎಷ್ಟು ಕಾಲ ತುಂಬು ಭರಾಟೆಯಲ್ಲಿ ದುಡಿಯಿತು? ನೂರು ವರ್ಷ?

ಸುಮಾರು ಹದಿಮೂರು!

1739ರಲ್ಲಿ ಟ್ಯಾನ್‌ಫೀಲ್ಡ್ ಗಣಿಗೆ ಬೆಂಕಿ ಬಿತ್ತು. ಕಲ್ಲಿದ್ದಲು ನಿಂತಿತು. ಬಂಡಿಗಳ ಸಾಲು ತೆಳುವಾಯಿತು. ಆ ಶತಮಾನ ಮುಗಿಯುವುದರೊಳಗೆ ಸೇತುವೆ ಸದ್ದಿಲ್ಲದೆ ಕಾಡಿಗೆ ಬಿಟ್ಟ ಮನೆಯಾಯಿತು. ಮರದ ಹಳಿ ಹೋಯಿತು. ಕಮಾನು ಉಳಿಯಿತು.

ದೇಶದ ಅತಿ ಅಗಲದ ಕಮಾನು ಎಂಬ ಪಟ್ಟ ಮಾತ್ರ ಸುಮಾರು ಮೂವತ್ತು ವರ್ಷ ಇದರ ತಲೆಯ ಮೇಲಿತ್ತು. 1756ರಲ್ಲಿ ವೇಲ್ಸಿನ ಪಾಂಟಿಪ್ರೀದ್‌ನಲ್ಲಿ 140 ಅಡಿಯ ಕಮಾನು ಎದ್ದಿತು. ಕಟ್ಟಿದವನು ವಿಲಿಯಂ ಎಡ್ವರ್ಡ್ಸ್. ಅವನೂ ಕಲ್ಲುಕುಟಿಗನೇ! ಅವನ ಸೇತುವೆಯೂ ಅದಕ್ಕೆ ಮೊದಲು ಒಂದಲ್ಲ, ಹಲವು ಸಲ ಬಿದ್ದಿತ್ತು!

ಇನ್ನು ಇಷ್ಟು ಹೊತ್ತು ಬಚ್ಚಿಟ್ಟಿದ್ದನ್ನು ತೆಗೆಯುತ್ತೇನೆ. ಸ್ಟೀಫನ್‌ಸನ್ ನೆನಪಿದೆಯಲ್ಲ? ನೀವು 1825 ಅಂದಾಗ ಬಂದ ಹೆಸರು!

ಅವನು 1781ರಲ್ಲಿ ಹುಟ್ಟಿದ್ದು ಇಲ್ಲೇ ಹತ್ತಿರ, ಟೈನ್ ನದಿಯ ದಂಡೆಯ ವೈಲಂ ಎಂಬ ಹಳ್ಳಿಯಲ್ಲಿ. ಮನೆಬಾಗಿಲ ಮುಂದೆ ಏನು ಹಾದುಹೋಗುತ್ತಿತ್ತು ಹೇಳಿ? ಮರದ ಹಳಿ! ಕುದುರೆ ಎಳೆಯುವ ಕಲ್ಲಿದ್ದಲ ಬಂಡಿ! ಆ ಮಗು ಕಣ್ಣು ಬಿಟ್ಟು ನೋಡಿದ್ದೇ ರೈಲುದಾರಿಯನ್ನು. ಮುಂದೆ ಕಿಲಿಂಗ್‌ವರ್ತ್ ಗಣಿಯಲ್ಲಿ ಯಂತ್ರದ ಮೇಸ್ತ್ರಿಯಾದ. 1814ರಲ್ಲಿ ಅಲ್ಲೇ ತನ್ನ ಮೊಟ್ಟಮೊದಲ ಉಗಿಬಂಡಿ ಕಟ್ಟಿದ. ಹೆಸರು ಬ್ಲೂಖರ್.

ಅದಕ್ಕೆ ದುಡ್ಡು ಕೊಟ್ಟವರು ಯಾರು?

ಊಹಿಸಿ. ಇದು ಕೊನೆಯ ಪ್ರಶ್ನೆ.

ಗ್ರ್ಯಾಂಡ್ ಅಲೈಸ್! ಅದೇ ಕೂಟ! ಕಿಲಿಂಗ್‌ವರ್ತ್ ಗಣಿ ಅವರದೇ, ಸ್ಟೀಫನ್‌ಸನ್ ಅವರ ಸಂಬಳದಾಳು! ಕಾಸಿ ಕಣಿವೆಯ ಮೇಲೆ ಕಲ್ಲಿನ ಕಮಾನು ಕಟ್ಟಿಸಿದವರ ಮೊಮ್ಮಕ್ಕಳ ಕಾಲದಲ್ಲಿ ಅದೇ ಪಾಲುದಾರಿಕೆ ಸ್ಟೀಫನ್‌ಸನ್ನನ ಕೈಯಲ್ಲಿ ಇಂಜಿನ್ ಕಟ್ಟಿಸಿತು. ಹಳಿ ಮೊದಲು ಬಂತು. ಸೇತುವೆ ಆಮೇಲೆ. ಇಂಜಿನ್ ಬಂದದ್ದು ಎಲ್ಲಕ್ಕಿಂತ ಕೊನೆಗೆ! ನಾವು ಶಾಲೆಯಲ್ಲಿ ಕಥೆಯನ್ನು ಬಾಲದಿಂದ ಓದಿಕೊಂಡು ಬಂದಿದ್ದೇವೆ!

1980ರ ದಶಕದಲ್ಲಿ ಕಮಾನಿಗೆ ದುರಸ್ತಿಯಾಗಿ ಬಲ ಬಂದಿದೆ. ಇಂಗ್ಲೆಂಡಿನ ಸಂರಕ್ಷಿತ ಕಟ್ಟಡಗಳ ಅತ್ಯುನ್ನತ ದರ್ಜೆ ಅದರದು. ಕಣಿವೆಯಲ್ಲಿ ಕಾಡು ಬೆಳೆದಿದೆ, ಕಾಲುದಾರಿಯಿದೆ. ಹತ್ತಿರದಲ್ಲೇ ಟ್ಯಾನ್‌ಫೀಲ್ಡ್ ರೈಲ್ವೆ ಎಂಬ ಪುಟ್ಟ ಮಾರ್ಗವಿದೆ. 1725ರ ಬಂಡಿದಾರಿಯ ಮೇಲೆ ಇವತ್ತೂ ಉಗಿ ಇಂಜಿನ್ ಓಡುತ್ತದೆ! ಕಲ್ಲಿದ್ದಲಿನಿಂದಲೇ!

ನ್ಯೂಕ್ಯಾಸಲ್ ಕಡೆಯಲ್ಲಿ ಓದುವ ಮಗನೋ ಮಗಳೋ ನಿಮಗಿದ್ದರೆ ಇವತ್ತೇ ಫೋನ್ ಮಾಡಿ. ಒಂದು ಭಾನುವಾರ ಹೋಗಿ ಬಾ ಅನ್ನಿ. ಸೇತುವೆಯ ಮೇಲೆ ನಡೆದರೆ ಸಾಲದು, ತೊರೆಯವರೆಗೂ ಇಳಿಯಬೇಕು. ಕಮಾನಿನ ಹೊಟ್ಟೆಯ ಕೆಳಗೆ ನಿಂತು ಕತ್ತೆತ್ತಬೇಕು. ಸಾಲು ಸಾಲು ಕಲ್ಲು, ಒಂದಕ್ಕೊಂದು ಒರಗಿ, ಎಂಟು ಮಹಡಿ ಮೇಲೆ. ಆಮೇಲೆ ಆ ನೆರಳುಗಡಿಯಾರ ಹುಡುಕಬೇಕು. ಅಕ್ಷರ ಸವೆದಿದ್ದರೆ ಬೆರಳಾಡಿಸಿ ಓದಬೇಕು. ರಾಲ್ಫ್ ವುಡ್. ಕಲ್ಲುಕುಟಿಗ. 1727.